ಸಾರ್ವಜನಿಕರಿಗೆ ಆದರದ ಸ್ವಾಗತ ಎಂದಿದ್ದಿರಿ, ಬಂದಿದ್ದೆವು

ಬನ್ನಿ ಎಂದು ಕರೆದು, ಬಂದ ಮೇಲೆ ‘ನೀವ್ಯಾರು?’ ಎಂದ ಮಾನ್ಯ ಪರೀಕ್ಷಾ ನಿಯಂತ್ರಣಾಧಿಕಾರಿಗಳೇ,

ನಮ್ಮ ದೊಡ್ಡಗಾಜನೂರಿನ ಕವಿತಳ ಪಿಎಚ್.ಡಿ. ಮೌಖಿಕ ಪರೀಕ್ಷೆಯನ್ನು ತಾವು ರದ್ದು ಮಾಡಿದ್ದೀರಿ. ಅವಳು ಉತ್ತರ ತಪ್ಪಿದ್ದಕ್ಕಲ್ಲ. ನೋಡಲು ಬಂದ ನಾವು ಇಪ್ಪತ್ತಮೂರು ಜನ ‘ಸಾರ್ವಜನಿಕರು’ ಎಂಬ ಪದದ ವ್ಯಾಪ್ತಿಗೆ ಬರುವುದಿಲ್ಲವಂತೆ, ಅದಕ್ಕೆ. ಮೂರು ತಿಂಗಳ ನಂತರ ಮರುಪರೀಕ್ಷೆಯಂತೆ. ಈ ತಿಂಗಳ ಮೂವತ್ತರೊಳಗೆ ಪ್ರಮಾಣಪತ್ರ ತೋರಿಸದಿದ್ದರೆ ಅವಳಿಗೆ ಸಿಕ್ಕಿರುವ ಉಪನ್ಯಾಸಕಿ ಕೆಲಸ ಬೇರೆಯವರ ಪಾಲಾಗುತ್ತದೆ ಎಂಬುದು ತಮಗೆ ಗೊತ್ತಿದೆ. ಅವಳೇ ಬರೆದು ತಿಳಿಸಿದ್ದಾಳೆ.

ತಪ್ಪೆಲ್ಲ ನನ್ನದು, ಒಪ್ಪಿಕೊಂಡುಬಿಡುತ್ತೇನೆ. ನಾನು ತಮಿಳುನಾಡಿನ ಕನ್ನಡ ಸೀಮೆಯಾದ ತಾಳವಾಡಿಯಲ್ಲಿ ಜೆರಾಕ್ಸ್ ಮತ್ತು ಫ್ಲೆಕ್ಸ್ ಅಂಗಡಿಯವನು. ಕಚೇರಿಗೆ ಬರುವ ಜನಕ್ಕೆ ಮನು, ಅಂದರೆ ಅರ್ಜಿ, ಬರೆದುಕೊಡುವುದೂ ನನ್ನ ಕಸುಬೇ. ತಮ್ಮ ಸುತ್ತೋಲೆಯನ್ನು ಕವಿತ ನನ್ನ ಫೋನಿಗೆ ಕಳಿಸಿ, “ಪ್ರಭಣ್ಣ, ಒಂದ್ ಪ್ರಿಂಟ್ ತಗ್ದು ಅಪ್ಪಂಗೆ ಕೊಡಿ” ಎಂದಳು. ಅದರ ಕೊನೆಯ ಸಾಲು: ‘ಸಾರ್ವಜನಿಕರಿಗೆ ಆದರದ ಸ್ವಾಗತ’. ಅಂಥಾ ಸಾಲನ್ನು ಅಂಗೈಯಗಲದ ಕಾಗದದಲ್ಲಿ ಬಿಡಲು ನನ್ನ ಕಸುಬು ಒಪ್ಪುತ್ತದೆಯೇ? ಎಂಟಡಿ-ಆರಡಿ ಫ್ಲೆಕ್ಸ್ ಮಾಡಿ, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ ತಿರುಗಿಸಿ, ಕವಿತಳ ಫೋಟೋ ಹಾಕಿ, ಅಭ್ಯಾಸಬಲದಿಂದ ಕೆಳಗೊಂದು ಜೋಡಿ ಮುಗಿದ ಕೈಗಳನ್ನೂ ಹಾಕಿ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿದೆ. ಆ ಸಾಲು ಇರುವುದಕ್ಕೆ ಮಾತ್ರ, ಪಾಲಿಸುವುದಕ್ಕಲ್ಲ ಎಂದು ನನಗೆ ಯಾರು ಹೇಳಿದ್ದರು?

ಕವಿತಳ ಅಪ್ಪ ಪುಟ್ಟಮಾದ ನಮ್ಮ ಬೀದಿಯವನೇ, ಹೊಲದ ಕೂಲಿ. ಫ್ಲೆಕ್ಸ್ ನೋಡಿ ನೇರ ಅಂಗಡಿಗೆ ಬಂದ. “ಏನ್ಲಾ ಪ್ರಭು, ಅಷ್ಟ್ ದೊಡ್ಡೋರು ಬಾಯ್ಬುಟ್ಟು ಕರ್ದವ್ರೆ. ಓಗ್ದೇ ಇದ್ರೆ ಏನಂದ್ಕತಾರ್ಲಾ?” ಅಲ್ಲಿಗೆ ತೀರ್ಮಾನವಾಯಿತು. ಒಂದು ವ್ಯಾನು, ಇಪ್ಪತ್ತಮೂರು ಜನ, ಬರಿಗೈಲಿ ಹೋಗಬಾರದೆಂದು ಎರಡು ಗೊನೆ ಬಾಳೆಹಣ್ಣು. ಘಟ್ಟದ ಇಪ್ಪತ್ತೇಳು ತಿರುವು ಇಳಿಯುವಷ್ಟರಲ್ಲಿ ಅರ್ಧ ಸಾರ್ವಜನಿಕರು ವಾಂತಿ ಮಾಡಿಕೊಂಡಿದ್ದರು, ನಿಜ. ಆದರೂ ಹತ್ತು ಗಂಟೆಗೆ ಸರಿಯಾಗಿ ಸಭಾಂಗಣದಲ್ಲಿದ್ದೆವು. ಬೇರೆ ಸಾರ್ವಜನಿಕರು ಒಬ್ಬರೂ ಇರಲಿಲ್ಲ. ತಮ್ಮ ಪತ್ರದಲ್ಲಿ ಆ ಬಾಳೆಹಣ್ಣನ್ನು ‘ಪರೀಕ್ಷಕರ ಮೇಲೆ ಪ್ರಭಾವ ಬೀರುವ ಪದಾರ್ಥ’ ಎಂದು ಕರೆದಿದ್ದೀರಿ. ಅಯ್ಯೋ ಸ್ವಾಮಿ, ಅರ್ಧ ಗೊನೆ ತಿಂದು ಮುಗಿಸಿದ್ದು ತಮ್ಮ ಕಚೇರಿಯ ಸಿಬ್ಬಂದಿ! ಅವರ ಮೇಲೆ ಯಾವ ಪ್ರಭಾವವೂ ಆದಂತೆ ಕಾಣಲಿಲ್ಲ.

ಅಪಾತ್ರರಾದ ನಮಗೆ ಅಲ್ಲಿ ಅರ್ಥವಾದದ್ದು ಇಷ್ಟು. ಕವಿತ ಐದು ವರ್ಷ ದುಡಿದದ್ದು ಗ್ರಾಫೀನ್ ಎಂಬ ಹಾಳೆಯ ಮೇಲೆ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿನದೇ ಒಂದು ಪದರ, ದಪ್ಪ ಒಂದೇ ಒಂದು ಪರಮಾಣು. ಒಂದು ಕೂದಲೆಳೆಯ ದಪ್ಪ ಬರಬೇಕಾದರೆ ಲಕ್ಷಗಟ್ಟಲೆ ಪದರ ಪೇರಿಸಬೇಕು. ಇದರಿಂದ ಅವಳು ಉಗುರಗಲದ ಒಂದು ಬಿಲ್ಲೆ ಮಾಡಿದ್ದಾಳೆ. ಅದನ್ನು ಅರಿಸಿನದ ರಾಶಿಯೊಳಗೆ ಇಟ್ಟರೆ ಎಷ್ಟು ಒಣಗಿದೆ ಎಂದು ಹೇಳುತ್ತದೆ.

ಪರೀಕ್ಷಕರು ಬರೆದುಕೊಂಡು ಬಂದಿದ್ದ ಪ್ರಶ್ನೆಗಳು ಮುಗಿದ ಮೇಲೆ, ಸಾರ್ವಜನಿಕರು ಕೇಳಬಹುದು ಎಂದರು. ಪುಟ್ಟಮಾದ ಎದ್ದು ನಿಂತ. “ಒಂದೇ ಪದ್ರ ಅಂತೀಯಲ್ಲವ್ವ, ಅದ್ರೊಳಗೆ ಏನದೆ?”

“ಒಳಗೆ ಅನ್ನೋದೇ ಇಲ್ಲ ಕಣಪ್ಪ, ಎಲ್ಲಾ ಮೈಯೇ. ಅದ್ಕೇ ಒಂಚೂರು ತ್ಯಾವ ತಾಕುದ್ರೂ ಅದ್ಕೆ ಗೊತ್ತಾಯ್ತದೆ.”

ಅವಳ ಮಾರ್ಗದರ್ಶಕರು ಇಂಗ್ಲಿಷಿಗೆ ಅನುವಾದಿಸಿದರು, ಹೊರಗಿನ ಪರೀಕ್ಷಕರು ತಲೆದೂಗಿ ಬರೆದುಕೊಂಡರು. ಆಮೇಲೆ ಅವಳ ತಾಯಿ ಪುಟ್ಟಿ. ಆಕೆ ನಮ್ಮೂರ ಜಮೀನುದಾರ ಷಡಕ್ಷರಿಯವರ ಕಣದಲ್ಲಿ ಇಪ್ಪತ್ತು ವರ್ಷದಿಂದ ಅರಿಸಿನ ಒಣಗಿಸುವವಳು. ಕೊಂಬು ಮುರಿದು ಅದರ ಸದ್ದು ಕೇಳಿ, ಇನ್ನೆಷ್ಟು ಬಿಸಿಲು ಬೇಕೆಂದು ಹೇಳುವವಳು. “ಅಲ್ಲ ಕಣವ್ವ, ನಿನ್ ಬಿಲ್ಲೆ ಸರಿಯಾಗೇ ಏಳ್ತದೆ ಅಂತ ಯಾರ್ ನೋಡವ್ರೆ?”

ಕವಿತ ತಾಯಿಯ ಕಡೆಗೇ ಕೈ ತೋರಿಸಿದಳು. “ನೀನೇ ಕಣವ್ವ. ಎರಡು ವರ್ಸ ನೀನು ಕೊಂಬು ಮುರ್ದು ಏಳ್ದಾಗೆಲ್ಲ, ಬಿಲ್ಲೆ ಏನಂತದೆ ಅಂತ ಪಕ್ಕದಲ್ಲೇ ಬರ್ಕತಿದ್ದೆ. ನಿನ್ ಕಿವಿ ಅಳ್ತೆಗೇ ಇದ್ನ ಸರಿ ಮಾಡಿರೋದು.” ಪುಟ್ಟಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಪರೀಕ್ಷಕರಿಬ್ಬರೂ ಪಾಸು ಎಂದು ಸಹಿ ಹಾಕಿದರು.

ಕೆಟ್ಟಿದ್ದು ಹಾಜರಿ ಪುಟದಲ್ಲಿ. ‘ವಿದ್ಯಾರ್ಹತೆ’ ಎಂಬ ಕಾಲಂ ಇತ್ತು. ಬರೆಯಲು ಬಾರದವರಿಗೆಲ್ಲ ನಾನೇ ತುಂಬಿದೆ. ಪುಟ್ಟಿಯ ಹೆಸರಿನ ಮುಂದೆ ‘ಅರಿಸಿನ, ಇಪ್ಪತ್ತು ವರ್ಷ’ ಎಂದು ಬರೆದೆ. ಇದರಲ್ಲಿ ಸುಳ್ಳೇನಿದೆ? ತಾವು ಆ ಪುಟದುದ್ದಕ್ಕೂ ಕೆಂಪು ಗೆರೆ ಎಳೆದು ‘ಅರ್ಹ ಸಾರ್ವಜನಿಕರು: ಇಲ್ಲ’ ಎಂದು ಷರಾ ಬರೆದಿರಿ. ಯಾರ ಕಿವಿಯನ್ನು ನಂಬಿ ಆ ಪ್ರಬಂಧ ನಿಂತಿದೆಯೋ ಅವಳೇ ಅನರ್ಹಳಾದರೆ, ಅರ್ಹರು ಇನ್ಯಾರು ಸ್ವಾಮಿ? ಒಂದು ಪರಮಾಣು ದಪ್ಪದ ಹಾಳೆ ತಮ್ಮ ಕಣ್ಣಿಗೆ ಕಾಣದಿದ್ದರೆ ಕ್ಷಮಿಸಬಹುದು. ಇಪ್ಪತ್ತಮೂರು ಆಳುಗಳು ಕಾಣಲಿಲ್ಲವೇ?

ಆದಕಾರಣ ರದ್ದತಿ ಆದೇಶವನ್ನು ಹಿಂಪಡೆದು, ಮೂವತ್ತರೊಳಗೆ ಕವಿತಳ ಪ್ರಮಾಣಪತ್ರ ಕೊಡಿ. ಆಗದು ಎಂದಾದರೆ ತಮ್ಮ ಮರುಪರೀಕ್ಷೆಯ ಸುತ್ತೋಲೆಯನ್ನು ಒಮ್ಮೆ ಓದಿಕೊಳ್ಳಿ. ಕೊನೆಯಲ್ಲಿ ಮತ್ತೆ ಅದೇ ಸಾಲಿದೆ. ನಾನು ಫ್ಲೆಕ್ಸ್ ಹೊಡೆದಾಗಿದೆ, ಹಾಸನೂರಿನವರೂ ಒಂದು ಕೇಳಿದ್ದಾರೆ. ಈ ಸಲ ಎರಡು ಬಸ್ಸು. ಪುಟ್ಟಿ ಆಗಲೇ ಮೊದಲ ಸೀಟು ಹಿಡಿದಿದ್ದಾಳೆ. “ಕವಿತನ್ನ ಕೇಳೋದು ಮುಗೀತು. ಈ ಕಿತ ಆ ಸಾಯೇಬ್ರನ್ನ ಒಂದ್ ಮಾತ್ ಕೇಳ್ಬೇಕು” ಎನ್ನುತ್ತಿದ್ದಾಳೆ. ಏನೆಂದು ನಮಗೂ ಹೇಳಿಲ್ಲ. ತಾವು ಓದಿಕೊಂಡು ಬರುವುದು ಒಳ್ಳೆಯದು.

ಇಂತಿ,
ಪ್ರಭುಸ್ವಾಮಿ,
ಹಾಜರಿ ಪುಟದಲ್ಲಿ ಹದಿನೇಳನೆಯವನು,
ತಮ್ಮ ಕೆಂಪು ಗೆರೆಯ ಕೆಳಗಿನಿಂದ