ಗಿಡುಗ ಎಂಬ ಹೆಸರಿನಲ್ಲಿ

ಅಪ್ಪನಿಗೆ ನಮಸ್ಕಾರಗಳು.

ಎದುರು ನಿಂತು ಕೇಳಲು ಬಾಯಿ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣ ಬಿದ್ದು ಕಾಲು ಮುರಿದುಕೊಂಡಾಗ, ಈ ಮನೆಯಲ್ಲಿ ಇನ್ಯಾರೂ ಬೈಕ್ ಮುಟ್ಟಬಾರದು ಎಂದಿದ್ದಿರಿ. ಆದರೂ ಹೊಲಿಗೆ ಕ್ಲಾಸಿನ ನೆಪ ಹೇಳಿ ನಾನು ರೇಸಿಗೆ ಹೋಗುತ್ತಿದ್ದೆ. ಅಲ್ಲಿ ಎಲ್ಲರಿಗೂ ಮನೆಯವರಿಗೆ ತಿಳಿಯದ ಒಂದೊಂದು ಹೆಸರಿದೆ. ನಾನು 'ಗಿಡುಗ'. ಹೆಲ್ಮೆಟ್ ತೆಗೆಯುವುದಿಲ್ಲ, ಮಾತಾಡುವುದಿಲ್ಲ, ಹುಡುಗನೆಂದೇ ನಂಬಿದ್ದಾರೆ.

ಮೊನ್ನೆ ರೇಸ್ ಶುರುವಾಗುವ ಮುಂಚೆ ನಿಮ್ಮನ್ನು ಅಲ್ಲಿ ಕಂಡೆ. ನೀವು ಸೀದಾ ನನ್ನ ಬೈಕಿನ ಹತ್ತಿರ ಬಂದು, ಬಗ್ಗಿ ನೋಡಿ, "ಚೈನ್ ಸಡಿಲ ಆಗಿದೆ. ತಿರುವಲ್ಲಿ ಹುಷಾರು ಪುಟ್ಟಿ" ಎಂದು ಮೆಲ್ಲಗೆ ಹೇಳಿ ಜನರ ನಡುವೆ ಮರೆಯಾದಿರಿ.

ನನಗೆ ತಲೆಬುಡ ತಿಳಿಯುತ್ತಿಲ್ಲ. ಯಾವಾಗಿನಿಂದ ಗೊತ್ತಿತ್ತು? ಗೊತ್ತಿದ್ದೂ ಸಂಜೆ ಅಮ್ಮನ ಮುಂದೆ, "ಕ್ಲಾಸ್ ಹೇಗಾಯ್ತಮ್ಮಾ?" ಎಂದು ಯಾಕೆ ಕೇಳಿದಿರಿ? ಅದು ಕೋಪವೋ, ಒಪ್ಪಿಗೆಯೋ? ತಿರುವುಗಳಲ್ಲೆಲ್ಲ ನಿಧಾನ ಮಾಡಿ ಕೊನೆಯವಳಾಗಿ ಬಂದೆ. ಅದನ್ನಾದರೂ ನೋಡಿದಿರಾ?

ಬೇಡ ಎಂದರೆ ಬಿಟ್ಟುಬಿಡುತ್ತೇನೆ. ಹೋಗು ಎಂದರೆ, ಮುಂದಿನ ಸಲ ಜನರ ಹಿಂದೆ ಅವಿತು ನಿಲ್ಲಬೇಡಿ. ನನಗೆ ಕಾಣುವ ಹಾಗೆ ನಿಲ್ಲಿ.

ಇಂತಿ,
ನಿಮ್ಮ ಮಗಳು