ಅರವತ್ತಕ್ಕೆ ನಿಂತ ಬ್ಯಾಟರಿ

ಅತ್ತೆಗೆ,

ನಿಮ್ಮ ನೋವಿಲ್ಲದ ಕಾಲಿಗೆ ನನ್ನ ನಮಸ್ಕಾರ. ಇನ್ನೊಂದು ಕಾಲಿಗೂ ಮಾಡುತ್ತಿದ್ದೆ, ಮುಟ್ಟಿದರೆ ಬೈಯುತ್ತೀರಿ ಎಂದು ಬಿಟ್ಟಿದ್ದೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಸ್ಪೀಕರ್ ಹಾಕಿಕೊಂಡು ಮಾತಾಡುತ್ತೀರಿ, ಪಕ್ಕದಲ್ಲಿ ನಿಮ್ಮ ಮಗಳು ಕೂತಿರುತ್ತಾಳೆ. ನಾನು ಊಟ ಆಯಿತೇ, ಕಾಲು ಹೇಗಿದೆ ಎಂದು ಕೇಳಿ ಇಟ್ಟುಬಿಡುತ್ತೇನೆ. ಕೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ.

ವಿಷಯ ನೀವು ಬಿಟ್ಟುಹೋದ ಲ್ಯಾಪ್‌ಟಾಪಿನದು. ಹೋದ ವಾರ ಬೀದಿಯ ಲೈನ್ ರಿಪೇರಿಗೆಂದು ಬೆಳಗ್ಗೆಯೇ ಕರೆಂಟ್ ತೆಗೆದರು. ಆಸ್ಪತ್ರೆಯ ಡಾಕ್ಟರು ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ನಾನು ವರದಿ ಟೈಪ್ ಮಾಡುತ್ತಿದ್ದೆ. ಬ್ಯಾಟರಿ ಇದೆಯಲ್ಲ ಎಂಬ ಧೈರ್ಯ. ವರದಿಯಲ್ಲಿ ರೋಗಿಯ ಹೊಟ್ಟೆ ಕೊಯ್ದಾಗಿತ್ತು, ಹೊಲಿಗೆ ಇನ್ನೂ ಹಾಕಿರಲಿಲ್ಲ, ಅಷ್ಟರಲ್ಲಿ ಪರದೆ ಕಪ್ಪಾಯಿತು. ಪಾಪ, ಆತ ಸಂಜೆ ಕರೆಂಟ್ ಬರುವವರೆಗೂ ಹಾಗೇ ಮಲಗಿದ್ದ. ಮತ್ತೆ ಪ್ಲಗ್ ಹಾಕಿದರೆ ಅಂಕಿ ಅರವತ್ತಕ್ಕೆ ಬಂದು ನಿಂತಿತು. ಊಟ ಮಾಡಿ ಬಂದರೂ ಅರವತ್ತು, ಬೆಳಗ್ಗೆ ಎದ್ದು ನೋಡಿದರೂ ಅರವತ್ತು. ಪ್ಲಗ್ ಹಾಕಿದೆ, ಚಾರ್ಜ್ ಆಗುತ್ತಿಲ್ಲ ಎಂದು ಅದೇ ಹೇಳುತ್ತದೆ, ಯಾಕೆ ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಥೇಟ್ ನಿಮ್ಮ ಮಗ.

ನಾನೂ ಸುಮ್ಮನೆ ಕೂರಲಿಲ್ಲ. ಮಿಕ್ಸಿಯ ಸಾಕೆಟ್ಟಿಗೆ ಹಾಕಿ ನೋಡಿದೆ. ಪಿನ್ ಕೂರುವ ತೂತಿನ ಧೂಳನ್ನು ಹಲ್ಲುಕಡ್ಡಿಗೆ ಹತ್ತಿ ಸುತ್ತಿ ತೆಗೆದೆ. ಕೆಳಮನೆಯ ಲೆಕ್ಕಪರಿಶೋಧಕರ ಚಾರ್ಜರ್ ಬೇಡಿ ತಂದೆ. ಪೂರ್ತಿ ಆರಿಸಿ, ವೈರ್ ಕಿತ್ತು, ನೀವು ನರ್ಸಾಗಿದ್ದಾಗ ರೋಗಿಗಳ ನಾಡಿ ಹಿಡಿಯುತ್ತಿದ್ದಂತೆ ಅದರ ಗುಂಡಿಯನ್ನು ಒತ್ತಿ ಹಿಡಿದು ಕಾದೆ. ಕೊನೆಗೆ ಹಾಲು ಕುಡಿದ ಮಗುವಿಗೆ ತಟ್ಟುವ ಹಾಗೆ ಬೆನ್ನು ತಟ್ಟಿದ್ದೂ ಆಯಿತು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ, ನಮ್ಮ ಕೊಡ ತುಂಬಲೇ ಒಲ್ಲದು.

ಒಂದು ಬ್ಯಾಟರಿಗೆ ಇಷ್ಟು ಗಾಬರಿಯೇ ಎಂದು ನಗಬೇಡಿ. ನಿಮ್ಮ ಸೀರೆ, ಕನ್ನಡಕ, ಬಿಸಿನೀರಿನ ಚೀಲ ಎಲ್ಲವನ್ನೂ ನಿಮ್ಮ ಮಗಳು ಬಂದು ಬಂದು ಒಯ್ದಳು. ಈ ಮನೆಯಲ್ಲಿ ನಿಮ್ಮದು ಎಂದು ಉಳಿದದ್ದು ಆ ಮಂಚ, ಈ ಲ್ಯಾಪ್‌ಟಾಪ್. ಇದೂ ಹೋದರೆ ನೀವು ಇಲ್ಲಿದ್ದಿರಿ ಎನ್ನುವುದಕ್ಕೆ ಏನು ಉಳಿಯುತ್ತದೆ?

ನಿಮ್ಮ ಮಗ ಬೇರೆ ದಾರಿ ಹಿಡಿದಾಗ ನೀವೂ ಗಂಟುಮೂಟೆ ಕಟ್ಟುತ್ತೀರಿ ಎಂದು ಕಟ್ಟಡದವರೆಲ್ಲ ಕಾದಿದ್ದರು. ನಾನೂ ಕಾದಿದ್ದೆ. ನೀವು ಟೀ ಸೋಸುತ್ತಾ, "ಡಿವೋರ್ಸ್ ಕೊಟ್ಟಿದ್ದು ಅವನಿಗೆ ತಾನೆ? ನನಗೇನೂ ಕೊಟ್ಟಿಲ್ವಲ್ಲ. ಸಕ್ಕರೆ ಎಷ್ಟು ಹಾಕ್ಲಿ ಹೇಳು" ಅಂದಿರಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವ ಗಾದೆ ನಮ್ಮ ಮನೆಯಲ್ಲಿ ಸುಳ್ಳಾಯಿತು. ನಮ್ಮಿಬ್ಬರಿಗೂ ಒಂದೇ ಕಾಲ, ಒಂದೇ ಇಯರ್‌ಫೋನ್. ಒಂದು ತುದಿ ನನ್ನ ಕಿವಿಗೆ, ಇನ್ನೊಂದು ನಿಮ್ಮ ಕಿವಿಗೆ. ಡಾಕ್ಟರು ಗೊಣಗಿದ ಔಷಧಿ ನನಗೆ ತಿಳಿಯದಿದ್ದರೆ ನೀವು ಹೆಡ್ ನರ್ಸಿನ ಗತ್ತಿನಲ್ಲಿ ಹೇಳುತ್ತಿದ್ದಿರಿ: "ಅದು ಹಾರ್ಟಿನ ಮಾತ್ರೆ ಕಣೇ ಪಟಪಟಿ, ನೀನು ಅಜೀರ್ಣದ್ದು ಹಾಕಿದೀಯ. ಆತ ಹೋದ ಅನ್ಕೋ!" ಸಂಜೆಯಾದರೆ ಲ್ಯಾಪ್‌ಟಾಪ್ ನಿಮ್ಮ ಮಂಚಕ್ಕೆ, ನಿಮ್ಮ ಇಸ್ಪೀಟಿಗೆ. ಅಲ್ಲಿಗೆ ವೈರ್ ಎಟುಕುವುದಿಲ್ಲ. ಅದಕ್ಕೆ ನಾಲ್ಕು ಗಂಟೆಯಿಂದಲೇ "ತುಂಬ್ತಾ? ತುಂಬ್ತಾ?" ಎಂದು ನನ್ನ ತಲೆ ತಿನ್ನುತ್ತಿದ್ದಿರಿ.

ಆಮೇಲೆ ಮೆಟ್ಟಿಲಲ್ಲಿ ಜಾರಿದಿರಿ. ಮಗಳ ಮನೆಯಲ್ಲಿ ಲಿಫ್ಟ್ ಇದೆ, ಮೂರೇ ವಾರ ಎಂದು ಹೋದಿರಿ. ವರ್ಷವೇ ಕಳೆಯಿತು.

ಮೊನ್ನೆ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಹುಡುಗಿ ಸ್ಕ್ರೂ ಕೂಡ ಬಿಚ್ಚಲಿಲ್ಲ. ಎರಡು ಕಡೆ ಒತ್ತಿ ನೋಡಿ ನಕ್ಕಳು. "ಬ್ಯಾಟರಿಗೆ ಏನೂ ಆಗಿಲ್ಲ ಮೇಡಂ. ಅರವತ್ತಾದ್ಮೇಲೆ ತುಂಬಬೇಡ ಅಂತ ಯಾರೋ ಸೆಟ್ಟಿಂಗ್ ಹಾಕಿಟ್ಟಿದಾರೆ. ಯಾವಾಗ್ಲೂ ಪ್ಲಗ್‌ನಲ್ಲೇ ಇರೋದಕ್ಕೆ ಹಾಗ್ ಮಾಡ್ತಾರೆ, ತುಂಬಾ ವರ್ಷ ಬಾಳಿಕೆ ಬರ್ಲಿ ಅಂತ."

ಯಾರೋ ಅಂತೆ! ವಾರ್ಡಿಗೆ ಯಾವ ಮಶೀನ್ ಬಂದರೂ ಅದರ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದದೆ ಮುಟ್ಟದವರು ನಮ್ಮ ವಂಶದಲ್ಲಿ ಇನ್ನೊಬ್ಬರು ಯಾರಿದ್ದಾರೆ? ನೀವು ಹೊರಡುವ ದಿನ ಮಧ್ಯಾಹ್ನ ನನ್ನ ಮೇಜಿನ ಮುಂದೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಏನೋ ಒತ್ತುತ್ತಿದ್ದದ್ದು ನೆನಪಾಯಿತು. ಏನು ಮಾಡುತ್ತಿದ್ದೀರಿ ಎಂದರೆ "ಏನಿಲ್ಲ, ನನ್ನ ಇಸ್ಪೀಟು ತೆಗೀತಿದೀನಿ" ಅಂದಿರಿ. ಇನ್ನು ಅದು ಮಂಚಕ್ಕೆ ಬರುವುದಿಲ್ಲ, ಹಗಲೆಲ್ಲ ನನ್ನ ಮೇಜಿನ ಮೇಲೆ ಪ್ಲಗ್ಗಿನಲ್ಲೇ ಇರುತ್ತದೆ ಎಂದು ನಿಮಗೆ ಆಗಲೇ ಗೊತ್ತಿತ್ತು. ಮೂರು ವಾರಕ್ಕೆ ಹೋಗುವವರು ಬ್ಯಾಟರಿ ವರ್ಷಗಟ್ಟಲೆ ಬಾಳಲಿ ಎಂದು ಏರ್ಪಾಡು ಮಾಡುತ್ತಾರೆಯೇ ಅತ್ತೆ?

ಅಂಗಡಿಯಲ್ಲೇ ಅತ್ತುಬಿಟ್ಟೆ. ಆ ಹುಡುಗಿ ದುಡ್ಡೂ ಕೇಳಲಿಲ್ಲ, ಹೆದರಿಬಿಟ್ಟಳು.

ನಿಮ್ಮನ್ನು ಕರೆಯಲು ನಾನು ಯಾರು ಎಂಬ ಯೋಚನೆಯಲ್ಲೇ ಇಷ್ಟು ದಿನ ಕಳೆದೆ. ಅಲ್ಲಿರುವುದು ಹೆತ್ತ ಮಗಳು, ನಾನೋ, ಮನೆ ಬಿಟ್ಟುಹೋದ ಮಗನ ಹೆಂಡತಿ. ಕಾಗದಪತ್ರದಲ್ಲಿ ಅದೂ ಅಲ್ಲ. ಆದರೆ ನಿಮಗೂ ನನ್ನ ಹಾಗೇ ಗಂಟಲಲ್ಲಿ ಏನಾದರೂ ಉಳಿದಿದ್ದರೆ? ಯಾರೂ ಕರೆಯಲಿಲ್ಲ, ಅದಕ್ಕೇ ಬರಲಿಲ್ಲ ಅನ್ನುವಂತಾದರೆ? ಆದ್ದರಿಂದ ಕರೆಯುತ್ತಿದ್ದೇನೆ. ಬನ್ನಿ ಅತ್ತೆ. ನೀವಿಲ್ಲದೆ ನನಗೆ ಆಗುತ್ತಿಲ್ಲ. ಮೆಟ್ಟಿಲಿನ ಪ್ರತಿ ತಿರುವಿನಲ್ಲಿ ಒಂದೊಂದು ಸ್ಟೂಲ್ ಇಟ್ಟಿದ್ದೇನೆ, ಕಟ್ಟಡದವರು ಗೊಣಗುತ್ತಿದ್ದಾರೆ, ಗೊಣಗಲಿ. ಕೂತು ಕೂತು ಹತ್ತೋಣ.

ಸೆಟ್ಟಿಂಗ್ ತೆಗೆದಿದ್ದೇನೆ. ಯಾವಾಗಲೂ ಪೂರ್ತಿ ತುಂಬಿಟ್ಟರೆ ಬ್ಯಾಟರಿ ಬೇಗ ಸವೆಯುತ್ತದಂತೆ. ಸವೆಯಲಿ. ದಿನವೂ ಸಂಜೆ ನಾಲ್ಕಕ್ಕೆ ಚಾರ್ಜಿಗೆ ಹಾಕಿ, ನೂರು ತುಂಬಿದ ಮೇಲೆ ವೈರ್ ಕಿತ್ತು, ನಿಮ್ಮ ಮಂಚದ ಮೇಲೆ ಇಡುತ್ತಿದ್ದೇನೆ. ಇಸ್ಪೀಟನ್ನೂ ಮತ್ತೆ ಹಾಕಿಸಿದ್ದೇನೆ.

ಆಶೀರ್ವಾದವನ್ನು ಕಾಗದದಲ್ಲಿ ಕಳಿಸಬೇಡಿ, ಬಂದು ಮಾಡಿ. ಕಾಲು ಜೋಪಾನ.

ಇನ್ನೂ ನಿಮ್ಮ ಸೊಸೆಯೇ ಆಗಿರುವ,
ಪಟಪಟಿ