ಕಟ್ ಆದರೆ ಪುಟ್ ಯಾಕೆ?

ರೀ,

ಅಮ್ಮನಿಗೆ ಮತ್ತೆ ಮಂಡಿನೋವಂತೆ, ಜಾವಗಲ್ಲಿಗೆ ಹೋಗುತ್ತಿದ್ದೇನೆ. ಕತ್ತಲಾಗುವುದರೊಳಗೆ ಬರುತ್ತೇನೆ. ಅನ್ನ, ಹುಳಿ ಮುಚ್ಚಿಟ್ಟಿದ್ದೇನೆ. ಮೇಘಶ್ರೀ ಸ್ಕೂಲಿನಿಂದ ಬಂದರೆ ಮೊದಲು ಹಾಲು ಕೊಡಿ. ಬಾಗಿಲಲ್ಲೇ ಇಂಗ್ಲಿಷ್ ಪುಸ್ತಕ ಹಿಡಿದು ನಿಲ್ಲಬೇಡಿ.

ನಿನ್ನೆ ಸಿ ಯು ಟಿ ಕಟ್ ಎಂದು ಹೇಳಿಕೊಟ್ಟಿರಿ. ಆಮೇಲೆ ಪಿ ಯು ಟಿ ತೋರಿಸಿದಿರಿ. ಒಂದನೇ ಕ್ಲಾಸಿನ ಮಗು, ನ್ಯಾಯವಾಗಿ ಪಟ್ ಎಂದಿತು. "ದಡ್ಡಿ, ಅದು ಪುಟ್ ಕಣೇ" ಎಂದು ತಲೆಗೆ ಮೊಟಕಿದಿರಿ. ಯಾಕಪ್ಪಾ ಎಂದು ಅವಳು ಕೇಳಿದರೆ "ಅದು ಹಂಗೇ" ಅಂದಿರಿ. ಆಹಾ, ಎಂಥ ವಿವರಣೆ! ನಿಮ್ಮ ಬಿ.ಎ. ಸಾರ್ಥಕವಾಯಿತು.

ಅದೇ ದಡ್ಡಿ ಭಾನುವಾರ ಬಸ್ಸಿನ ಬೋರ್ಡು ನೋಡಿ "ಹಾ... ರ... ನ... ಹ... ಳ್ಳಿ" ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಕನ್ನಡದಲ್ಲಿ ಬರೆದಂತೆ ಓದಿದರೆ ಯಾರೂ ಮೊಟಕುವುದಿಲ್ಲ ನೋಡಿ. ನೀವು ಕಡಲೆಕಾಯಿ ಬಿಡಿಸುತ್ತಿದ್ದಿರಿ, ಕೇಳಿಸಲಿಲ್ಲ.

ಬೆಳಿಗ್ಗೆ ಜಡೆ ಹಾಕುವಾಗ ಕೇಳಿದಳು, "ಅಪ್ಪಂಗೆ ಪುಟ್ ಅಂತ ಹೆಂಗ್ ಗೊತ್ತಾಯ್ತಮ್ಮ?"

"ಅವರ ಮೇಷ್ಟ್ರು ಹೇಳ್ಕೊಟ್ರು" ಅಂದೆ.

"ಪಾಪ, ಅಪ್ಪಂಗೂ ಹೊಡೆದ್ರಾ?"

ನನಗೇನು ಗೊತ್ತು, ಅಪ್ಪನನ್ನೇ ಕೇಳು ಎಂದಿದ್ದೇನೆ. ಹಾಲು ಕುಡಿದ ಮೇಲೆ ಕೇಳುತ್ತಾಳೆ. ಹತ್ತಿರ ಕೂರಿಸಿಕೊಂಡು ನಿಜ ಹೇಳಿ.

ಮಂಗಳಾ